ಕೆಲ್ಡನ್ನಿನ ದೊಡ್ಡ ಬೀದಿ

ಬುಧವಾರ ಬೆಳಿಗ್ಗೆ ಟಿಲ್ಲಿ ಗಾಜ್ಡಿಕ್‌ಗೆ ಎಚ್ಚರವಾದದ್ದು ಸೂರಿನಿಂದ ನೀರು ತೊಟ್ಟಿಕ್ಕುವ ಸದ್ದಿಗೆ. ಫೆಬ್ರವರಿ ಕೊನೆಯಲ್ಲಿ, ಆ ಬೆಟ್ಟದ ಕಣಿವೆಯಲ್ಲಿ, ಸೂರು ತೊಟ್ಟಿಕ್ಕಬಾರದು. ಉಗುಳಿದ್ದು ನೆಲಕ್ಕೆ ಬೀಳುವಷ್ಟರಲ್ಲಿ ಕಲ್ಲಾಗುವ ಕಾಲ ಅದು. ಅವಳು ಕಂಬಳಿ ಕಿತ್ತೆಸೆದು, ಕೋಟನ್ನೂ ಹಾಕಿಕೊಳ್ಳದೆ ಬಾಗಿಲು ತೆಗೆದಳು. ಉರಿಯುವ ಒಲೆಯ ಬಾಯಿ ತೆರೆದ ಹಾಗೆ ಬೆಚ್ಚನೆಯ ಗಾಳಿ ಮುಖಕ್ಕೆ ಹೊಡೆಯಿತು. ಪಡುವಣದ ಶಿಖರಗಳ ಮೇಲೆ ಮೋಡ ಕಮಾನಿನಂತೆ ಬಾಗಿ ನಿಂತಿತ್ತು. ಅದರ ಕೆಳಗೆ ತೊಳೆದಿಟ್ಟಂತಹ ನೀಲಿ ಆಕಾಶ.

ಚಿನೂಕ್ ಗಾಳಿ. ಪ್ರತಿ ಚಳಿಗಾಲದಲ್ಲೂ ಎರಡು ಮೂರು ಸಲ ಬೆಟ್ಟ ದಾಟಿ ಬಂದು, ಮಂಡಿಯುದ್ದದ ಹಿಮವನ್ನು ಎರಡು ದಿನದಲ್ಲಿ ನೆಕ್ಕಿಕೊಂಡು ಹೋಗುವ ಗಾಳಿ. ಹುಡುಗಿಯಾಗಿದ್ದಾಗ ಟಿಲ್ಲಿಗೆ ಅದು ಬಂತೆಂದರೆ ಹಬ್ಬ. ಅಂಗಿಯ ಮೇಲೆ ಅಂಗಿ ತೊಡದೆ ಬೀದಿಗೆ ಓಡಬಹುದಿತ್ತು.

"ಹಾಳಾದ್ದೇ, ಇನ್ನು ನಾಲ್ಕು ದಿನ ತಡೀಬಾರದಿತ್ತಾ ನಿಂಗೆ?" ಎಂದು ಅವಳು ಗಾಳಿಗೇ ಬೈದಳು.

ಏಕೆಂದರೆ ಶನಿವಾರ ಸ್ಪರ್ಧೆಯಿತ್ತು. ಇಡೀ ಪ್ರಾಂತ್ಯದ ಹಿಮದ ಮೇಲೆ ಮೂವತ್ತು ಕಿಲೋಮೀಟರ್ ಜಾರುವ ಸ್ಕೀ ಓಟ ಮೊಟ್ಟಮೊದಲ ಬಾರಿಗೆ ಕೆಲ್ಡನ್ನಿಗೆ ಬರುತ್ತಿತ್ತು. ಟಿಲ್ಲಿ ಅದಕ್ಕಾಗಿ ಏಳು ವರ್ಷ ಪತ್ರ ಬರೆದಿದ್ದಳು. ಆರು ವರ್ಷ ಒಂದೇ ಉತ್ತರ ಬಂದಿತ್ತು: "ಅಂಥ ಊರು ನಕ್ಷೆಯಲ್ಲಿ ಕಾಣುತ್ತಿಲ್ಲ."

ಅವರು ಬರೆದದ್ದು ಸುಳ್ಳೇನಲ್ಲ. ಕೆಲ್ಡನ್ ಎಂಬ ಊರು ಸತ್ತು ಮೂವತ್ಮೂರು ವರ್ಷವಾಗಿತ್ತು. ಒಂದು ಕಾಲಕ್ಕೆ ಅಲ್ಲಿ ಇನ್ನೂರಕ್ಕೂ ಮಿಕ್ಕಿ ಮನೆಗಳು, ಎರಡು ಚರ್ಚು, ಒಂದು ಶಾಲೆ, ಗಣಿಯಿಂದ ಬಂದವರು ಮೈ ತೊಳೆಯುವ ದೊಡ್ಡ ಸ್ನಾನದ ಮನೆ, ವಾದ್ಯವೃಂದ, ಐದು ಭಾಷೆಯ ಬೈಗುಳ, ಎಲ್ಲ ಇದ್ದವು. ರೈಲು ಇಂಜಿನ್‌ಗಳು ಎಣ್ಣೆಯಲ್ಲಿ ಓಡಲು ಶುರುವಾದ ಮೇಲೆ ಕಲ್ಲಿದ್ದಲು ಯಾರಿಗೂ ಬೇಡವಾಯಿತು. ಕಂಪನಿ ಗಣಿಯ ಬಾಯಿಗೆ ಕಾಂಕ್ರೀಟು ತುಂಬಿತು. ಗಟ್ಟಿ ಮನೆಗಳನ್ನು ದಿಮ್ಮಿಗಳ ಮೇಲೆ ಎತ್ತಿ, ಲಾರಿಗೆ ಕಟ್ಟಿ, ಕಣಿವೆಯ ಕೆಳಗಿನ ಊರುಗಳಿಗೆ ಎಳೆದುಕೊಂಡು ಹೋದರು. ಉಳಿದವನ್ನು ಬುಲ್ಡೋಜರು ನೆಲಸಮ ಮಾಡಿತು. ಆಗ ಟಿಲ್ಲಿಗೆ ಇಪ್ಪತ್ನಾಲ್ಕು. ತಮ್ಮ ಮನೆ, ನಲವತ್ತೊಂದನೇ ನಂಬರಿನದು, ಪರದೆಗಳ ಸಮೇತ ರಸ್ತೆಯ ತಿರುವಿನಲ್ಲಿ ಮರೆಯಾದದ್ದನ್ನು ಅವಳು ಅಪ್ಪನ ಪಕ್ಕ ನಿಂತು ನೋಡಿದ್ದಳು. ಅಪ್ಪ ಟೋಪಿ ತೆಗೆದಿದ್ದ, ಹೆಣ ಹೋಗುವಾಗ ತೆಗೆಯುವ ಹಾಗೆ.

ಆಮೇಲೆ ಇಪ್ಪತ್ತು ವರ್ಷ ಅವಳು ಕೆಳಗಿನ ಪೇಟೆಯ ಆಸ್ಪತ್ರೆಯ ಅಡುಗೆಮನೆಯಲ್ಲಿ ಗಂಜಿ ಕಲಕಿದಳು. ಎಪ್ಪತ್ನಾಲ್ಕನೇ ಇಸವಿಯ ಚಳಿಗಾಲದಲ್ಲಿ ಒಂದು ಭಾನುವಾರ ಈರೊ ಲೈತಲಾ ಅವಳ ಬಾಗಿಲು ತಟ್ಟಿದ. ಈರೊ ಫಿನ್ಲೆಂಡಿನವ, ಗಣಿಯಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು. ಕೆಲ್ಡನ್ನಿನ ಅರ್ಧ ಮಕ್ಕಳಿಗೆ ಪೀಪಾಯಿಯ ಹಲಗೆ ಕಾಲಿಗೆ ಕಟ್ಟಿ ಸ್ಕೀ ಕಲಿಸಿದವನೂ ಅವನೇ.

"ನಡಿ, ಊರಿಗೆ ಹೋಗಿ ಬರೋಣ," ಅಂದ.

"ಯಾವೂರಿಗೆ?"

"ನಮ್ಮೂರಿಗೆ ಕಣೇ. ಇನ್ಯಾವ ಊರಿದೆ?"

ಇಬ್ಬರೂ ಸ್ಕೀ ಕಟ್ಟಿಕೊಂಡು ಹೋದರು. ಕಂಡದ್ದು ಪಾಳು. ಆಸ್ಪೆನ್ ಗಿಡಗಳು ತೋಳಿನಷ್ಟು ದಪ್ಪ ಬೆಳೆದು ಬೀದಿ ಯಾವುದು ಹಿತ್ತಲು ಯಾವುದು ತಿಳಿಯದಂತಾಗಿತ್ತು. ಟಿಲ್ಲಿಗೆ ಅಳು ಒತ್ತಿ ಬಂತು, ಮುಂದೆ ಹೋಗಲಾರೆ ಎಂದಳು. "ಕಣ್ಣು ಮುಚ್ಚು, ಕಾಲು ಬಿಡು," ಎಂದ ಈರೊ. ಅವಳು ಕಣ್ಣು ಮುಚ್ಚಿ ಜಾರಿದಳು. ಒಂದು ಸಣ್ಣ ತಗ್ಗು ಬಂತು, ಆಮೇಲೆ ಎಡಕ್ಕೆ ವಾಲುವ ನೆಲ, ಆಮೇಲೆ ಒಂದೇ ಸಮನೆ ಇಳಿಜಾರು. ಅವಳ ಮಂಡಿಗೆ ಗೊತ್ತಾಯಿತು. ಇದು ಶಾಲೆಯಿಂದ ಮನೆಗೆ ಬರುವ ದಾರಿ. ಇಲ್ಲಿ ನೆರೆಮನೆಯ ಬೆರ್ತೋಲಿನ್‌ರ ಬೇಲಿ, ಇಲ್ಲಿ ನೀರಿನ ನಲ್ಲಿ, ಇಲ್ಲಿ ನಾವು. ಕಣ್ಣು ಬಿಟ್ಟರೆ ಹಿಮದಲ್ಲಿ ಒಂದು ಮೆಟ್ಟಿಲು ತಲೆ ಎತ್ತಿಕೊಂಡಿತ್ತು.

ಮರುವಾರವೇ ಕೊಡಲಿ ಹಿಡಿದು ಬಂದರು. ಹೀಗೆ ಶುರುವಾದದ್ದು ಹನ್ನೆರಡು ವರ್ಷದಲ್ಲಿ ಹದಿನೆಂಟು ಕಿಲೋಮೀಟರ್ ಜಾಡಾಯಿತು. ಹಳೆಯ ರೈಲಿನ ಹಾದಿ, ಕುದುರೆ ದಾರಿ, ಸ್ನಾನದ ಮನೆಯ ಸುತ್ತು, ಕೊನೆಗೆ ನಟ್ಟನಡುವೆ ದೊಡ್ಡ ಬೀದಿ. ಟಿಲ್ಲಿ ಆಸ್ಪತ್ರೆಯ ಕೆಲಸ ಬಿಟ್ಟು ಜಾಡಿನ ಪಕ್ಕದಲ್ಲೇ ಮರದ ಮನೆ ಕಟ್ಟಿಕೊಂಡಳು. ಸರಪಳಿ ಚಕ್ರದ ಹಳೆಯ ಯಂತ್ರವೊಂದರಿಂದ ದಿನಾ ಹಿಮ ತಟ್ಟಿ ಜಾಡು ಕೊರೆದಳು. ಸ್ಕೀ ಮಾಡುವವರು ಮೊದಲು ಹತ್ತು ಜನ ಬಂದರು, ಆಮೇಲೆ ನೂರು, ಆಮೇಲೆ ಭಾನುವಾರಗಳಂದು ವಾಹನ ನಿಲ್ಲಿಸಲು ಜಾಗ ಸಾಲದಾಯಿತು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಮೇಲಿನ ಕಾಡಿನ ಜಾಡುಗಳು ಮರದ ನೆರಳಲ್ಲಿ ಹೇಗೋ ಉಸಿರು ಹಿಡಿದುಕೊಂಡಿದ್ದವು. ಆದರೆ ದೊಡ್ಡ ಬೀದಿ ಬಿಸಿಲಿಗೆ ಎದೆಯೊಡ್ಡಿ ಮಲಗಿದ್ದ ಜಾಗ. ಅರ್ಧ ಕಿಲೋಮೀಟರ್ ಉದ್ದಕ್ಕೂ ಹಿಮ ಕರಗಿ, ಕಪ್ಪು ನೆಲ, ಕಂದು ಹುಲ್ಲು, ಇಟ್ಟಿಗೆ ಚೂರು ಎಲ್ಲ ಹಲ್ಲು ಕಿರಿದಿದ್ದವು. ಓಟ ಶುರುವಾಗುವುದೂ ಮುಗಿಯುವುದೂ ಅಲ್ಲೇ.

ಸ್ಪರ್ಧೆಯ ಮಂಡಳಿಯಿಂದ ಬಂದ ತಪಾಸಣೆಯವನ ಹೆಸರು ನೀಲ್ ಪ್ರೌಸ್. ಮೂವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಮನುಷ್ಯ. ಬರಿನೆಲದ ಮೇಲೆ ಬೂಟಿನಲ್ಲಿ ಗೆರೆ ಎಳೆದು ನಿಟ್ಟುಸಿರಿಟ್ಟ.

"ಮಿಸೆಸ್ ಗಾಜ್ಡಿಕ್..."

"ಮಿಸ್. ಆ ಯೋಗ ಬರಲಿಲ್ಲ. ಟಿಲ್ಲಿ ಅನ್ನಿ ಸಾಕು."

"ಟಿಲ್ಲಿ, ಶುರು ಮಾಡೋ ಜಾಗಾನ ಮೇಲಿನ ಕಾಡಿಗೆ ಹಾಕಿದ್ರೆ ಹೆಂಗೆ?"

"ಅಲ್ಲಿ ಎರಡು ಜನ ಅಕ್ಕಪಕ್ಕ ನಿಂತ್ರೆ ಮೂರನೆಯವನು ಮರ ಹತ್ತಬೇಕು. ನೀವೇ ನೋಡಿದೀರಲ್ಲ."

"ನೋಡಿದೀನಿ." ಅವನು ಕನ್ನಡಕ ಒರೆಸಿದ. "ಹಾಗಾದ್ರೆ ಇಷ್ಟೇ. ನಾಳೆ ಸಂಜೆ ನಾಲ್ಕಕ್ಕೆ ಬರ್ತೀನಿ. ಇಲ್ಲಿ ಉದ್ದಕ್ಕೂ ನಾಲ್ಕು ಮೀಟರ್ ಅಗಲ, ಒಂದು ಗೇಣು ದಪ್ಪ ಹಿಮ ಇರಬೇಕು. ಇಲ್ದಿದ್ರೆ ಓಟ ಬಡಗಣದ ಇನ್ನೊಂದು ಊರಿಗೆ ಹೋಗತ್ತೆ. ಅವರು ತಯಾರಾಗಿ ಕೂತಿದಾರೆ. ನಂಗೂ ಬೇಜಾರೇ. ಆದ್ರೆ ನೂರಾ ಅರವತ್ತು ಜನ ಕಲ್ಲಿನ ಮೇಲೆ ಸ್ಕೀ ಮಾಡಕ್ಕಾಗಲ್ಲ."

ಅವನ ಕಾರು ಇಳಿದು ಹೋದ ಮೇಲೆ ಟಿಲ್ಲಿ ತನ್ನ ಮನೆಯ ಮೆಟ್ಟಿಲ ಮೇಲೆ ಕೂತಳು. ಎಪ್ಪತ್ತೊಂಬತ್ತರ ಈರೊ ಅವಳ ಪಕ್ಕ ಕೂತು ಥರ್ಮಾಸಿನಿಂದ ಕಾಫಿ ಸುರಿದ.

"ಹಿಮ ಇದೆ," ಎಂದ.

"ಎಲ್ಲಿದೆ, ನಿನ್ ತಲೇಲಾ?"

"ಕರೀ ದಿಬ್ಬದ ಹಿಂದೆ."

ಅವಳು ತಿರುಗಿ ನೋಡಿದಳು. ಗಣಿಯಿಂದ ತೆಗೆದ ಕಲ್ಲು ಬೂದಿ ಎಲ್ಲ ಐವತ್ತು ವರ್ಷ ಸುರಿದು ಆದ ಗುಡ್ಡ ಅದು, ಬೀದಿಯ ಮೇಲ್ತುದಿಗೆ ಆನಿಕೊಂಡಿತ್ತು. ಅದರ ಬಡಗು ಮಗ್ಗುಲಲ್ಲಿ ಆಳವಾದ ಕೊರಕಲು. ಸೂರ್ಯ ಅಕ್ಟೋಬರಿನಲ್ಲಿ ಅದರ ಮುಖ ನೋಡಿದರೆ ಮತ್ತೆ ಏಪ್ರಿಲಿನಲ್ಲೇ. ಎರಡಾಳು ಆಳದ ಹಿಮ ಅಲ್ಲಿ ಗಟ್ಟಿಯಾಗಿ ಕೂತಿತ್ತು. ಆದರೆ ಯಂತ್ರ ಅಲ್ಲಿಗೆ ಹತ್ತದು. ಹತ್ತಿದರೂ ಉರುಳುತ್ತದೆ.

"ಅಲ್ಲಿಂದ ತರೋದು ಹೆಂಗೆ?"

"ಕಲ್ಲಿದ್ದಲು ಹೆಂಗೆ ತರ್ತಿದ್ವಿ?" ಈರೊ ಕಾಫಿ ಊದಿದ. "ಅಗೆಯೋದು, ಜಾರುದೋಣಿಗೆ ಹಾಕೋದು, ಕೆಳಗೆ ತುಂಬ್ಕೊಳ್ಳೋದು. ಸಲಿಕೆ ಹಿಡಿಯೋರು ಬೇಕು. ದೋಣಿ ಕಟ್ಟೋನು ಬೇಕು."

ಜಾರುದೋಣಿ ಎಂದರೆ ತಗಡು ಹೊದಿಸಿದ ಉದ್ದನೆಯ ಹಲಗೆಯ ಕಾಲುವೆ. ಮೇಲೆ ಸುರಿದದ್ದು ತಾನಾಗಿ ಕೆಳಗೆ ಹರಿದು ಬರಬೇಕು. ಇಳಿಜಾರು ಕಡಿಮೆಯಾದರೆ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ಹಾರಿ ಆಳನ್ನು ಹೊಡೆಯುತ್ತದೆ. ಕೆಲ್ಡನ್ನಿನಲ್ಲಿ ಅದನ್ನು ಕಟ್ಟುತ್ತಿದ್ದವರಲ್ಲಿ ಬದುಕುಳಿದವನು ಒಬ್ಬನೇ, ಪ್ರೀಮೊ ಬೆರ್ತೋಲಿನ್. ಆ ಹೆಸರು ಇಬ್ಬರಿಗೂ ನಾಲಿಗೆಯ ತುದಿಯಲ್ಲಿತ್ತು.

ಟಿಲ್ಲಿ ಒಳಗೆ ಹೋಗಿ ಫೋನು ಹಿಡಿದಳು. ಹಳೆಯ ಊರಿನವರಿಗೆಲ್ಲ ಪ್ರತಿ ವರ್ಷ ಕ್ರಿಸ್‌ಮಸ್ ಕಾರ್ಡು ಹಾಕುತ್ತಿದ್ದಳಲ್ಲ, ಆ ಪಟ್ಟಿ ಎದುರಿಗಿಟ್ಟುಕೊಂಡು ಒಂದೊಂದೇ ಮನೆಗೆ ತಿರುಗಿಸಿದಳು. ಮಾತು ಒಂದೇ: "ನಾಳೆ ಬೆಳಿಗ್ಗೆ ಏಳಕ್ಕೆ ಊರಿಗೆ ಬನ್ನಿ. ಸಲಿಕೆ ತನ್ನಿ." ಕೆಲವರು ಬರುತ್ತೇವೆಂದರು. ಕೆಲವರು ಸೊಂಟ ನೋವೆಂದರು. ಒಬ್ಬಾಕೆ, "ಯಾರು ಸತ್ತರಮ್ಮಾ?" ಎಂದು ಗಾಬರಿಯಾದಳು.

ಪ್ರೀಮೊಗೆ ಮಾತ್ರ ಫೋನು ಮಾಡಲಿಲ್ಲ. ಟ್ರಕ್ಕು ಹತ್ತಿ ಅವನ ಮನೆಗೇ ಹೋದಳು.

ಪ್ರೀಮೊಗೆ ಎಪ್ಪತ್ತೆರಡು. ಕೆಳಗಿನ ಪೇಟೆಯ ಅಂಚಿನಲ್ಲಿ ಮೊಲ ಸಾಕಿಕೊಂಡು ಒಬ್ಬನೇ ಇದ್ದ. ಮೂವತ್ತೆಂಟನೇ ಇಸವಿಯಲ್ಲಿ ಗಣಿಯ ಎರಡನೇ ಸುರಂಗದಲ್ಲಿ ಅನಿಲ ಸಿಡಿದಾಗ ಅವನ ತಮ್ಮ ಆಲ್ದೊ ಒಳಗಿದ್ದ. ಹತ್ತೊಂಬತ್ತು ವರ್ಷದವನು. ಉಳಿದವರ ಹೆಣ ಸಿಕ್ಕಿತು; ಆಲ್ದೊ ಮತ್ತು ಇನ್ನಿಬ್ಬರದು ಸಿಗಲಿಲ್ಲ. ಬೆಂಕಿ ಆರದ್ದರಿಂದ ಸುರಂಗವನ್ನು ಮುಚ್ಚಿಬಿಟ್ಟರು. ಊರು ಖಾಲಿಯಾದ ದಿನ ಹೋದವನು ಪ್ರೀಮೊ, ಆಮೇಲೆ ಆ ಕಡೆ ಮುಖ ಹಾಕಿರಲಿಲ್ಲ. ಟಿಲ್ಲಿಯ ಕಾರ್ಡುಗಳಿಗೆ ಉತ್ತರವನ್ನೂ ಬರೆದಿರಲಿಲ್ಲ.

ಅವನು ಮೊಲದ ಗೂಡಿಗೆ ಹುಲ್ಲು ಹಾಕುತ್ತಿದ್ದ. ಟಿಲ್ಲಿ ಬಂದ ವಿಷಯ ಹೇಳಿದಳು. ಅವನು ತಿರುಗಲೇ ಇಲ್ಲ.

"ನನ್ ತಮ್ಮ ಮಲಗಿರೋ ಜಾಗದ ಮೇಲೆ ಬಣ್ಣಬಣ್ಣದ ಚಡ್ಡಿ ಹಾಕ್ಕೊಂಡು ಕುಣೀತಾರೆ. ಅದಕ್ಕೆ ನಾನು ದೋಣಿ ಕಟ್ಟಿಕೊಡಬೇಕಾ?"

"ಅವನ ಮೇಲೆ ಯಾರೂ ಕುಣಿಯಲ್ಲ ಪ್ರೀಮೊ. ಎರಡನೇ ಸುರಂಗದ ಮೇಲೆ ಜಾಡು ಹೋಗಲ್ಲ. ನೇರ ಹೋಗಿದ್ರೆ ಆರು ಕಿಲೋಮೀಟರ್ ಆಗೋದು. ಸುತ್ತು ಹಾಕಿ ಏಳೂವರೆ ಆಗಿದೆ. ಆ ಸುತ್ತಿಗೆ ಒಂದು ಬೇಸಿಗೆಯಿಡೀ ಮರ ಕಡಿದಿದೀನಿ, ಈ ಕೈಯಲ್ಲಿ."

"ನಂಗೇನ್ ಗೊತ್ತು ಅದು?"

"ಹೆಂಗೆ ಗೊತ್ತಾಗತ್ತೆ? ಬಂದು ನೋಡಿದ್ರೆ ತಾನೆ?"

ಪ್ರೀಮೊ ಗೂಡಿನ ಚಿಲಕ ಹಾಕಿದ. "ನಿಮ್ಮಪ್ಪ ಒಳ್ಳೇ ಮನುಷ್ಯ. ಅವನ ಮುಖ ನೋಡಿ ಬೈಯದೆ ಬಿಟ್ಟಿದೀನಿ. ಹೋಗು."

ಟಿಲ್ಲಿ ಹೊರಟಳು. ಗೇಟಿನ ಹತ್ತಿರ ನಿಂತು, ತಡೆಯಲಾರದೆ, ಇನ್ನೊಂದು ಮಾತು ಎಸೆದಳು: "ಆಲ್ದೊ ನಂಗೆ ಹಲಗೆ ಕಟ್ಟಿಕೊಟ್ಟಿದ್ದ ಗೊತ್ತಾ? ನಂಗೆ ಎಂಟು ವರ್ಷ. ಈರೊ ಕಲಿಸಿದ, ಆದ್ರೆ ಬೀಳಬೇಡ ಅಂತ ಹಿಂದೆ ಓಡಿ ಬಂದೋನು ನಿನ್ ತಮ್ಮ. ಆ ಊರಲ್ಲಿ ಅವನು ಸತ್ತಿದ್ದು ಒಂದೇ ದಿನ ಪ್ರೀಮೊ. ಬದುಕಿದ್ದು ಹತ್ತೊಂಬತ್ತು ವರ್ಷ."

ಅವನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ದಾರಿಯುದ್ದಕ್ಕೂ ತನ್ನ ಬಾಯಿಗೆ ತಾನೇ ಶಾಪ ಹಾಕುತ್ತ ಬಂದಳು.

ಶುಕ್ರವಾರ ಏಳಕ್ಕೆ ಹತ್ತು ನಿಮಿಷ ಇರುವಾಗ ಟಿಲ್ಲಿ ಬೀದಿಯ ತುದಿಯಲ್ಲಿ ನಿಂತಿದ್ದಳು. ಗಾಳಿ ಇನ್ನೂ ಬೀಸುತ್ತಿತ್ತು. ಹದಿನೈದು ಜನ ಬಂದರೂ ಪುಣ್ಯ ಎಂದುಕೊಂಡಿದ್ದಳು. ತಿರುವಿನಲ್ಲಿ ಮೊದಲ ಟ್ರಕ್ಕು ಕಂಡಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಶಾಲೆಯ ಬಸ್ಸು. ಆಮೇಲೆ ಸಾಲು ಕಡಿಯಲೇ ಇಲ್ಲ. ಮುದುಕರು ಇಳಿದರು, ಮುದುಕರ ಮಕ್ಕಳು ಇಳಿದರು, ಸೊಸೆಯರು, ಮೊಮ್ಮಕ್ಕಳು. ಎಲ್ಲರ ಹೆಗಲ ಮೇಲೆ ಸಲಿಕೆ. ಕೆಲವರದು ತೋಟದ ಸಲಿಕೆ. ಆದರೆ ಮುದುಕರ ಕೈಯಲ್ಲಿದ್ದದ್ದು ಗಣಿಯ ಅಗಲ ಬಾಯಿಯ ಸಲಿಕೆ, ಹಿಡಿ ನುಣ್ಣಗೆ ಸವೆದು ಹೊಳೆಯುವಂಥದ್ದು. ಯಾವ ಮನೆಯ ಅಟ್ಟದಲ್ಲಿ ಮೂವತ್ತು ವರ್ಷ ಕಾದು ಕೂತಿದ್ದವೋ.

"ಏನಮ್ಮಾ ಟಿಲ್ಲಿ, ಪಾಳಿ ಶುರುವಾಯ್ತಾ?" ಎಂದು ಒಬ್ಬ ಕೂಗಿದ.

"ಶುರುವಾಗಿ ಹತ್ತು ನಿಮಿಷ ಆಯ್ತು. ನೀನು ಆಗ್ಲೂ ತಡ, ಈಗ್ಲೂ ತಡ."

"ಕಲ್ಲಿದ್ದಲಾದ್ರೆ ಕಪ್ಪಗಾಗ್ತಿದ್ವಿ, ಇದ್ರಲ್ಲಿ ಬೆಳ್ಳಗಾದ್ರೆ ಹೆಂಡ್ತಿ ಗುರುತು ಹಿಡೀಬೇಕಲ್ಲ!"

"ಗುರುತು ಹಿಡೀದಿದ್ರೆ ನಿಂಗೇ ಲಾಭ ಕಣೋ," ಎಂದು ಅವನ ಹೆಂಡತಿಯೇ ಹೇಳಿದಳು. ಎಲ್ಲರೂ ನಕ್ಕರು.

ನೂರ ನಲವತ್ತಕ್ಕೂ ಹೆಚ್ಚು ಜನ. ಟಿಲ್ಲಿಗೆ ಅಳಲು ಪುರುಸೊತ್ತಿರಲಿಲ್ಲ. ಅಗೆಯುವವರನ್ನು ಕೊರಕಲಿಗೆ ಹತ್ತಿಸಿದಳು. ಹಲಗೆ ತಗಡು ತಂದವರು ದಿಬ್ಬದ ಮೇಲಿನಿಂದ ದೋಣಿ ಕಟ್ಟತೊಡಗಿದರು. ಒಂಬತ್ತಕ್ಕೆ ಮೊದಲ ಸಲಿಕೆ ಹಿಮ ಬಿತ್ತು. ಇಪ್ಪತ್ತು ಅಡಿ ಜಾರಿ, ಅಂಟಿಕೊಂಡು, ನಿಂತಿತು. ಕೋಲಿನಿಂದ ತಿವಿದರು. ಮತ್ತೆ ನಿಂತಿತು. ಇಳಿಜಾರು ಹೆಚ್ಚಿಸಿದರು, ಒಂದು ಆಧಾರ ಕುಸಿದು ಅರ್ಧ ದೋಣಿ ಮಗ್ಗುಲಾಗಿ ಬಿತ್ತು. ಹತ್ತೂವರೆಯಾದರೂ ಬೀದಿಗೆ ಒಂದು ಬುಟ್ಟಿ ಹಿಮ ಮುಟ್ಟಿರಲಿಲ್ಲ. ಮೇಲೆ ಜನ ಸಲಿಕೆಗೆ ಒರಗಿ ನಿಂತಿದ್ದರು. ನಗೆಮಾತು ನಿಂತಿತ್ತು.

ಆಗ ಹಿಂದಿನಿಂದ ಒಂದು ದನಿ ಬಂತು.

"ಇದನ್ನ ಕಟ್ಟಿದ ಕತ್ತೆ ಯಾವುದು?"

ಪ್ರೀಮೊ. ತಲೆಗೆ ಹಳೆಯ ಗಣಿ ಟೋಪಿ, ಸೊಂಟದ ಪಟ್ಟಿಯಲ್ಲಿ ಸುತ್ತಿಗೆ. ಬೂಟಿಗೆ ಮಂಡಿಯವರೆಗೂ ಹಿಮ ಮೆತ್ತಿತ್ತು. ಅವನು ನೇರ ರಸ್ತೆಯಿಂದ ಬಂದವನಲ್ಲ, ಮೇಲಿನ ಕಾಡಿನ ಕಡೆಯಿಂದ ಇಳಿದು ಬಂದಿದ್ದ. ಜಾಡು ಎಲ್ಲಿ ಬಾಗುತ್ತದೆ ಎಂದು ನೋಡಿಕೊಂಡು ಬಂದಿದ್ದಾನೆ ಎಂದು ಟಿಲ್ಲಿಗೆ ಹೊಳೆಯಿತು.

"ಎಲ್ಲಾ ಕೀಳಿ," ಎಂದ. "ಒಂದು ದೋಣಿ ಸಾಲಲ್ಲ, ಎರಡು ಬೇಕು. ನಡುವೆ ದೋಣಿಯ ಸೊಂಟ ಬಗ್ಗಿಸಬೇಕು, ವೇಗ ಮುರಿಯಕ್ಕೆ. ಲೇ ಕೆಂಪು ಟೋಪಿ, ಅದು ಹಲಗೆ, ನಿನ್ ಮಾವನ ಮಗಳಲ್ಲ, ತಬ್ಬಿಕೊಂಡು ನಿಲ್ಲಬೇಡ, ಇಲ್ಲಿ ತಾ!"

ಅವನು ಹೇಳಿದ ಹಾಗೆ ಕೈಗಳು ಓಡಿದವು. ಮುಕ್ಕಾಲು ಗಂಟೆಯಲ್ಲಿ ಎರಡು ದೋಣಿಗಳು ದಿಬ್ಬದ ಬೆನ್ನ ಮೇಲೆ ಹಾವಿನಂತೆ ಇಳಿದವು. ಪ್ರೀಮೊ ಕೈಯೆತ್ತಿದ. ಮೇಲಿನವರು ಸುರಿದರು. ಹಿಮ ಧಡಧಡ ಇಳಿದು ಸೊಂಟದ ಬಾಗಿಗೆ ಬಂತು, ತಗಡಿಗೆ ಮೆತ್ತಿಕೊಂಡು ನಿಂತೇಬಿಟ್ಟಿತು.

ಪ್ರೀಮೊ ಇಟಾಲಿಯನ್ನಿನಲ್ಲಿ ಒಂದು ಬೈಗುಳ ಉಗಿದ. "ಕಲ್ಲಿದ್ದಲು ಹಿಂಗೆ ಮಾಡ್ತಿರಲಿಲ್ಲ. ಇದು ಒದ್ದೆ. ತಗಡಿಗೆ ಅಂಟತ್ತೆ. ನಂಗೆ ಹಿಮದ ಕೆಲಸ ಗೊತ್ತಿಲ್ಲ ಟಿಲ್ಲಿ."

"ನಂಗೆ ಗೊತ್ತು," ಎಂದ ಈರೊ. ತನ್ನ ಚೀಲ ಬಿಚ್ಚಿ ಕೆಂಪು ಮೇಣದ ಗಟ್ಟಿಯೊಂದನ್ನು ತೆಗೆದ. ಒದ್ದೆ ಹಿಮಕ್ಕೆ ಸ್ಕೀಯ ಅಡಿಗೆ ಸವರುವ ಮೇಣ. "ಸ್ಕೀ ಜಾರಬೇಕಾದ್ರೆ ಸ್ಕೀಗೆ ಹಚ್ತೀವಿ. ಹಿಮ ಜಾರಬೇಕಾದ್ರೆ ತಗಡಿಗೆ ಹಚ್ಚೋಣ. ಅಷ್ಟೇ ತಾನೆ?"

ಪ್ರೀಮೊ ಅವನನ್ನು ಮೇಲೆ ಕೆಳಗೆ ನೋಡಿದ. "ಕುದುರೆ ಲದ್ದಿ ಬಾಚೋನಿಗೆ ಇಷ್ಟು ತಲೆ ಯಾವಾಗ ಬಂತೋ?"

"ನೀನು ಮೊಲದ ಹಿಕ್ಕೆ ಬಾಚಕ್ಕೆ ಹೋದ ಮೇಲೆ."

ಟಿಲ್ಲಿಯ ಮನೆಯಲ್ಲಿದ್ದ ಮೇಣವೆಲ್ಲ ಬಂತು, ಮೇಣದಬತ್ತಿಗಳೂ ಬಂದವು. ಹೆಂಗಸರು ಇಸ್ತ್ರಿ ಪೆಟ್ಟಿಗೆ ಕಾಯಿಸಿ ತಗಡಿನ ಮೇಲೆ ಮೇಣ ಕರಗಿಸಿ ಎಳೆದರು. ಎರಡನೆಯ ಸಲ ಪ್ರೀಮೊ ಕೈಯೆತ್ತಿದಾಗ ಬೆಳಿಗ್ಗೆಯಿಂದ ಕೇಳದ ಒಂದು ಸದ್ದು ಕೇಳಿತು, ಉದ್ದನೆಯ, ರೇಷ್ಮೆ ಹರಿದಂಥ ಸದ್ದು. ಹಿಮ ನಿಲ್ಲದೆ ಹರಿಯಿತು. ದಿಬ್ಬದ ಬುಡದಲ್ಲಿ ಬಿಳಿಯ ರಾಶಿ ಧೊಪ್ಪನೆ ಬಿತ್ತು. ನೂರ ನಲವತ್ತು ಬಾಯಿಗಳು ಒಟ್ಟಿಗೆ ಕೂಗಿದವು.

ಆಮೇಲೆ ಯಾರೂ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಅಗೆಯುವುದನ್ನು ಆ ಮುದುಕರಿಗೆ ಕಲಿಸಬೇಕೆ? ಮೊಣಕೈ ತೊಡೆಗೆ ಆನಿಸಿ, ಸೊಂಟದಿಂದ ಎತ್ತಿ, ಉಸಿರು ಬಿಡುವಾಗ ಎಸೆಯುವ ಹಳೆಯ ಲಯ ಮೈಗೆ ತಾನಾಗಿ ಮರಳಿತು. ಇಪ್ಪತ್ತರ ಹುಡುಗರು ಅರ್ಧ ಗಂಟೆಗೆ ಏದುಸಿರು ಬಿಟ್ಟು ಕೂತರೆ, ಅವರ ಅಜ್ಜಂದಿರು ಹಾಡು ಗುನುಗುತ್ತ ಸಾಗಿದರು. ಕೆಳಗೆ ಟ್ರಕ್ಕುಗಳು, ಕೈಗಾಡಿಗಳು, ಮಕ್ಕಳ ಜಾರುಬಂಡಿಗಳು, ಒಂದು ಹಳೆಯ ಸ್ನಾನದ ತೊಟ್ಟಿ ಕೂಡ ಹಿಮ ಹೊತ್ತು ಬೀದಿಗೆ ಓಡಿದವು. ಮಧ್ಯಾಹ್ನ ಸೊಸೆಯರು ಎಲೆಕೋಸಿನ ಸುರುಳಿ, ಗಸಗಸೆ ರೊಟ್ಟಿ, ಬಿಸಿ ಸೂಪು ಹಂಚಿದರು. ಟಿಲ್ಲಿ ಕೈಯಲ್ಲೊಂದು ರೊಟ್ಟಿ ತುಂಡು ಹಿಡಿದೇ ಯಂತ್ರ ಹತ್ತಿ, ಬಿದ್ದ ಹಿಮವನ್ನು ತಟ್ಟಿ ಹದ ಮಾಡುತ್ತ ಬೀದಿಯ ಉದ್ದಕ್ಕೂ ಹಿಂದೆ ಮುಂದೆ ಹೋದಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಪ್ರೌಸ್ ಬಂದ. ಕಾರಿನಿಂದ ಇಳಿದು, ನಿಂತಲ್ಲೇ ನಿಂತ. ಇಕ್ಕೆಲದಲ್ಲಿ ಕಂದು ಹುಲ್ಲು. ನಡುವೆ ಹೊಸ ಸೀರೆಯ ಸೆರಗಿನಂತೆ ಅರ್ಧ ಕಿಲೋಮೀಟರ್ ಬಿಳುಪು. ಅವನು ಅಳತೆಕೋಲು ತೆಗೆದು ಮೂವತ್ತು ಕಡೆ ಚುಚ್ಚಿದ. ಹಿಂದೆಯೇ ಇಡೀ ಊರು ಉಸಿರು ಬಿಗಿಹಿಡಿದು ನಡೆಯಿತು. ಕೊನೆಯಲ್ಲಿ ಕನ್ನಡಕ ತೆಗೆದು ಒರೆಸಿದ.

"ನಾನು ಕೇಳಿದ್ದು ಒಂದು ಗೇಣು."

"ಕಮ್ಮಿ ಆಯ್ತಾ?" ಟಿಲ್ಲಿ ಅಳತೆಕೋಲಿನ ಕಡೆ ಬಗ್ಗಿದಳು.

"ಇದು ಒಂದೂವರೆ ಗೇಣಿದೆ. ನನ್ ಕೈಗಲ್ಲ, ಇವರ ಕೈಗೆ." ಅವನು ಪ್ರೀಮೊನ ದೊಡ್ಡ ಪಂಜದ ಕಡೆ ನೋಡಿ ನಕ್ಕ. "ಓಟ ಇಲ್ಲೇ."

ಆ ಗದ್ದಲದಲ್ಲಿ ಯಾರು ಯಾರನ್ನು ಎತ್ತಿದರು, ಯಾರ ಟೋಪಿ ಎಲ್ಲಿ ಹಾರಿತು ಹೇಳಲಾಗದು. ಸಂಜೆ ಗಾಳಿ ತಿರುಗಿತು. ಬಡಗಣದ ಚಳಿ ಇಳಿದು ಬಂದು ಬೀದಿಯನ್ನು ಬಿಗಿಯಾಗಿ ಹೆಪ್ಪುಗಟ್ಟಿಸಿತು.

ಶನಿವಾರದ ಓಟದ ಬಗ್ಗೆ ಪತ್ರಿಕೆಯವರು ಬರೆದರು. ಬೆಟ್ಟದಾಚೆಯ ಹುಡುಗನೊಬ್ಬ ಗೆದ್ದ, ಹೆಂಗಸರಲ್ಲಿ ಇಪ್ಪತ್ತೆರಡರ ಶಿಕ್ಷಕಿಯೊಬ್ಬಳು. ಅವಳು ಗೆರೆ ದಾಟಿದವಳೇ ಹಿಮದ ಮೇಲೆ ಅಂಗಾತ ಬಿದ್ದು, "ಇಂಥ ಜಾಡು ನಾನು ಕಂಡೇ ಇಲ್ಲ" ಎಂದಳು. ಆದರೆ ಊರಿನವರು ಈಗಲೂ ಹೇಳಿಕೊಳ್ಳುವುದು ಮಧ್ಯಾಹ್ನದ ಮೇಲೆ ನಡೆದದ್ದನ್ನು. ದೊಡ್ಡ ಓಟ ಮುಗಿದ ಮೇಲೆ ಯಾರು ಬೇಕಾದರೂ ಓಡಬಹುದಾದ ಏಳೂವರೆ ಕಿಲೋಮೀಟರಿನ ಸುತ್ತೊಂದಿತ್ತು. ಟಿಲ್ಲಿ ಧ್ವಜ ಕಟ್ಟುತ್ತಿದ್ದಳು. ಈರೊ ಹಿಂದಿನಿಂದ ಬಂದು ಅವಳ ಬೆನ್ನಿಗೆ ಒಂದು ನಂಬರು ಕಟ್ಟಿಬಿಟ್ಟ.

"ಏನ್ ಮಾಡ್ತಿದೀಯಾ? ನಂಗೆ ಸಾವಿರ ಕೆಲಸ ಇದೆ!"

"ಹನ್ನೆರಡು ವರ್ಷ ಬೇರೆಯವರಿಗೆ ದಾರಿ ಮಾಡಿದೀಯ. ಇವತ್ತು ಓಡು. ನಾನೂ ಬರ್ತೀನಿ. ಮುದುಕ ಅಂತ ಕಾಯಬೇಡ."

ಅವಳು ಕಾಯಲಿಲ್ಲ. ಐವತ್ತೇಳು ವರ್ಷದ ಮೈ ಮೊದಲ ಏರಿನಲ್ಲಿ ಗೊಣಗಿತು, ಎರಡನೆಯದರಲ್ಲಿ ಸುಮ್ಮನಾಯಿತು, ಕಾಡಿನ ಸುತ್ತಿಗೆ ಬರುವಷ್ಟರಲ್ಲಿ ಸ್ಕೀಗಳು ಹಾಡತೊಡಗಿದವು. ಎರಡನೇ ಸುರಂಗವನ್ನು ಬಳಸುವ ಬಾಗಿನಲ್ಲಿ ಯಾರೋ ಒಂದು ಪೈನ್ ಕೊಂಬೆ ನೆಟ್ಟು, ಅದಕ್ಕೊಂದು ಗಣಿ ಟೋಪಿ ಸಿಕ್ಕಿಸಿದ್ದರು. ಅವಳು ತಲೆಬಾಗಿ ದಾಟಿದಳು. ದಾರಿಯಲ್ಲಿ ತನ್ನ ಅರ್ಧ ವಯಸ್ಸಿನವರನ್ನು ಹಿಂದಿಕ್ಕಿದಳು. ಒಬ್ಬ ಬಿಟ್ಟುಕೊಡದಿದ್ದಾಗ, "ಜಾಗ ಬಿಡಪ್ಪಾ, ಇದು ನಮ್ಮನೆ ದಾರಿ!" ಎಂದು ಕೂಗಿ ಮುನ್ನುಗ್ಗಿದಳು.

ಕೊನೆಯ ತಿರುವು ದಾಟಿ ದೊಡ್ಡ ಬೀದಿಯ ಮೇಲ್ತುದಿಗೆ ಬಂದಾಗ ಅವಳು ತಲೆ ಎತ್ತಿ ನೋಡಿದಳು. ಜನ ಗೆರೆಯ ಹತ್ತಿರ ಗುಂಪುಗೂಡಿರಲಿಲ್ಲ. ಬೀದಿಯ ಎರಡೂ ಬದಿಗೆ ಉದ್ದಕ್ಕೂ ಹರಡಿ ನಿಂತಿದ್ದರು, ಇಲ್ಲಿ ಐದು ಜನ, ಅಲ್ಲಿ ಮೂವರು, ಆಚೆ ಒಬ್ಬಳೇ ಮುದುಕಿ. ಯಾರೂ ಹೇಳಿರಲಿಲ್ಲ, ಯಾರೂ ಗೆರೆ ಹಾಕಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆ ಇದ್ದ ಜಾಗದಲ್ಲಿ, ಬಾಗಿಲ ಮುಂದೆ ನಿಂತ ಹಾಗೆ ನಿಂತಿದ್ದರು. ಮೂವತ್ಮೂರು ವರ್ಷದ ಮೇಲೆ ಕೆಲ್ಡನ್ ತನ್ನ ಬೀದಿಗೆ ಬಂದಿತ್ತು.

"ಟಿಲ್ಲೀ!" ಎಂದು ಮೊದಲ ಮನೆ ಕೂಗಿತು. ಎರಡನೆಯದು ಎತ್ತಿಕೊಂಡಿತು. ಆಮೇಲೆ ಕೂಗು ಅವಳ ಜೊತೆಯೇ ಇಳಿಯಿತು. ಪಾತ್ರೆ ಬಡಿದರು, ಸಲಿಕೆಗೆ ಸಲಿಕೆ ಕುಟ್ಟಿದರು. ಎಂಟು ವರ್ಷದವಳಾಗಿ ಆ ಇಳಿಜಾರಿನಲ್ಲಿ ಜಾರಿದ್ದ ಹಾಗೆಯೇ ಅವಳು ಮಂಡಿ ಬಗ್ಗಿಸಿ, ಕೋಲು ಬಗಲಿಗೆ ಸೇರಿಸಿ ಹಾರಿದಳು. ನಲವತ್ತೊಂದನೇ ನಂಬರು ಖಾಲಿ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಅವಳವರು ಯಾರೂ ಉಳಿದಿರಲಿಲ್ಲ. ಆದರೆ ಅಲ್ಲಿ ಪ್ರೀಮೊ ನಿಂತಿದ್ದ. ಪಕ್ಕದ ತನ್ನ ಜಾಗ ಬಿಟ್ಟು, ಬೇಲಿ ದಾಟಿದ ಹಾಗೆ ಬಂದು, ಬರಿತಲೆಯಲ್ಲಿ, ಎರಡೂ ಕೈ ಎತ್ತಿ ನಿಂತಿದ್ದ.

"ಬೀಳಬೇಡ ಮಗಳೇ!" ಎಂದು ಅರಚಿದ. "ಬೀಳಬೇಡ, ನುಗ್ಗು!"

ಅವಳು ಬೀಳಲಿಲ್ಲ. ಅರವತ್ತೆರಡು ಜನರಲ್ಲಿ ಹನ್ನೊಂದನೆಯವಳಾಗಿ ಗೆರೆ ದಾಟಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ; ಪ್ರೌಸ್ ಹೊದಿಸಿದ ಕಂಬಳಿಯನ್ನು ಅವನಿಗೇ ಹೊದಿಸಿ ಅಪ್ಪಿಕೊಂಡಳು.

ಉಳಿದವರೆಲ್ಲ ಬಂದಾದ ಮೇಲೂ ಒಬ್ಬರೂ ಬೀದಿ ಬಿಟ್ಟು ಕದಲಲಿಲ್ಲ. ಮುಕ್ಕಾಲು ಗಂಟೆ ಕಾದರು. ಕೊನೆಗೆ ಮೇಲ್ತುದಿಯಲ್ಲಿ ಈರೊ ಕಾಣಿಸಿಕೊಂಡ. ಬೆನ್ನು ನೆಟ್ಟಗೆ, ಒಂದೊಂದೇ ಹೆಜ್ಜೆ, ಗಡಿಯಾರದ ಲೋಲಕದಂತೆ. ಕೆಲ್ಡನ್ ತನಗೆ ಕಲಿಸಿದ ಮೇಷ್ಟ್ರಿಗಾಗಿ ಗಂಟಲು ಹರಿಯುವಂತೆ ಕೂಗಿತು. ಅವನು ಎಡಕ್ಕೂ ಬಲಕ್ಕೂ ಗಂಭೀರವಾಗಿ ತಲೆಯಾಡಿಸುತ್ತ ಬಂದ, ಗೆರೆ ದಾಟಿದ, ನಿಲ್ಲಲಿಲ್ಲ. ಟಿಲ್ಲಿಯ ಪಕ್ಕದಿಂದಲೇ ಹಾದು ಮತ್ತೆ ಏರಿನ ಕಡೆ ತಿರುಗಿದ.

"ಈರೊ! ಮುಗೀತು! ಎಲ್ಲಿಗೆ ಹೋಗ್ತಿದೀಯೋ?"

"ಹಿಮ ಚೆನ್ನಾಗಿದೆ," ಎಂದ ಅವನು, ತಿರುಗಿಯೂ ನೋಡದೆ. "ಇನ್ನೊಂದು ಸುತ್ತು ಹಾಕ್ಕೊಂಡು ಬರ್ತೀನಿ."

ಟಿಲ್ಲಿ ಕೋಲುಗಳನ್ನು ಹಿಮದಿಂದ ಕಿತ್ತುಕೊಂಡು ಅವನ ಹಿಂದೆ ಹೊರಟಳು.